ಪಕ್ಕದ ಕೋಣೆಯ ಬಾಗಿಲು

ಕಟಪಾಡಿಯಿಂದ ಶಿರ್ವದ ಕಡೆಗೆ ಹೊರಟವರಿಗೆ ಶಂಕರಪುರ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತದೆಂದು ಹೇಳುವುದುಂಟು. ಅದರಲ್ಲಿ ಕವಿಸಮಯ ತುಸು ಬೆರೆತಿರಬಹುದು. ಮಲ್ಲಿಗೆಯ ದುಡಿಮೆಯಲ್ಲಿ ಮಾತ್ರ ಕವಿಸಮಯವಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮನೆಮಂದಿಯೆಲ್ಲ ಗಿಡಗಳ ನಡುವೆ ಬಾಗಿ ಮೊಗ್ಗು ಬಿಡಿಸಬೇಕು. ಬಿಸಿಲೇರುವುದರೊಳಗೆ ಅದನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮುಗಿಸಬೇಕು. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಿಡಿದು ಒಪ್ಪಿಸಬೇಕು. ಅಂದಿನ ಅಟ್ಟೆಯ ದರವೆಷ್ಟೆಂಬುದನ್ನು ಕಿವಿಗೊಟ್ಟು ಕೇಳಬೇಕು. ಉಡುಪಿ ಮಲ್ಲಿಗೆಯೆಂದು ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಹೂವು ಹೀಗೆ ಮನೆಯ ಜಗಲಿಗಳಲ್ಲಿಯೇ ಸಿದ್ಧವಾಗುತ್ತದೆ.

ಇಂಥ ಜಗಲಿಯೊಂದನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಮನೆ ಕಲ್ಪನೆಯದು, ಅದರ ಕಷ್ಟ ಕಲ್ಪನೆಯದಲ್ಲ. ಅಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದಾನೆ. ನಡೆಯುತ್ತಾನೆ, ಓಡುತ್ತಾನೆ, ಬಂದವರಿಗೆ ನೀರು ತಂದುಕೊಡುತ್ತಾನೆ, ನಾಯಿಗೆ ಅನ್ನ ಹಾಕುವುದನ್ನು ಒಂದು ದಿನವೂ ಮರೆಯುವುದಿಲ್ಲ. ಮೊಗ್ಗು ಬಿಡಿಸುವುದರಲ್ಲಿ ಅವನ ಬೆರಳು ಅಕ್ಕನ ಬೆರಳಿಗಿಂತ ಚುರುಕು. ಆದರೆ ಮೂರು ಚೆಂಡು ಮುಂದಿಟ್ಟು ಅಟ್ಟೆಗೆ ಇನ್ನೆಷ್ಟು ಬೇಕೆಂದು ಕೇಳಿದರೆ ಕೇಳಿದವರ ಮುಖವನ್ನೇ ನೋಡುತ್ತ ನಿಲ್ಲುತ್ತಾನೆ. ಐದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿದೆ. ಎರಡನೆಯ ತರಗತಿಯ ಪಾಠ ಅವನಿಗೆ ಇನ್ನೂ ಕಗ್ಗಂಟು. ಒಂದು ದಿನ ಉಪಾಧ್ಯಾಯಿನಿಯವರು ತಾಯಿಯನ್ನು ಕರೆಸಿ, ಮೃದುವಾಗಿಯೇ, ‘ಇವನನ್ನು ಬೇರೆ ಕಡೆ ಒಮ್ಮೆ ತೋರಿಸಿ’ ಎನ್ನುತ್ತಾರೆ.

ಅಂದಿನಿಂದ ಆ ಮನೆಯಲ್ಲಿ ಊಟದ ಹೊತ್ತು ನ್ಯಾಯಾಲಯದ ಹೊತ್ತಾಗುತ್ತದೆ. ಅಜ್ಜಿಯ ಪ್ರಕಾರ ಹುಡುಗನಿಗೆ ಏನೂ ಇಲ್ಲ. ಅವನ ತಂದೆಯೂ ಮಾತಾಡಲು ತಡಮಾಡಿದವನೇ, ಕೆಲವು ಗಿಡ ನಿಧಾನಕ್ಕೆ ಚಿಗುರುತ್ತದೆ. ತಂದೆಗೆ ‘ಬೇರೆ ಕಡೆ’ ಎಂಬ ಮಾತು ಕೇಳಿದೊಡನೆ ನೆನಪಾಗುವುದು ಊರವರ ನಾಲಗೆ. ವಿಶೇಷ ಶಾಲೆಯ ವಾಹನ ಮನೆಯ ಮುಂದೆ ಒಂದು ಸಲ ನಿಂತರೆ ನಾಳೆ ಮಗಳ ಮದುವೆಯ ಮಾತುಕತೆಯಲ್ಲಿ ಅದೂ ಬರುತ್ತದೆಂಬ ಭಯ. ತಾಯಿಯೊಬ್ಬಳೇ ಏನನ್ನೂ ಹೇಳುವುದಿಲ್ಲ. ಮಗ ಪ್ರತಿದಿನ ಶಾಲೆಯಿಂದ ಚೀಲವನ್ನು ಹೊತ್ತುಕೊಂಡು ಹೋದಂತೆಯೇ ಹೊತ್ತುಕೊಂಡು ಬರುವುದನ್ನು ನೋಡಿದವಳು ಅವಳು.

ಈ ಮೂವರಲ್ಲಿ ಯಾರ ಮಾತು ಸರಿ? ಪ್ರತ್ಯೇಕ ತರಗತಿಯ ಇತಿಹಾಸವನ್ನು ಬಲ್ಲವರು ಸಹ ಥಟ್ಟನೆ ಉತ್ತರ ಹೇಳಲಾರರು. ಅಜ್ಜಿಯ ಕಡೆಗೂ ತಂದೆಯ ಕಡೆಗೂ ಒಂದಿಷ್ಟು ಸಾಕ್ಷ್ಯವುಂಟು.

ವೈದ್ಯರೂ ಮನಶ್ಶಾಸ್ತ್ರಜ್ಞರೂ ಇಂಥ ಮಕ್ಕಳ ಸ್ಥಿತಿಯನ್ನು ಸೌಮ್ಯ, ಮಧ್ಯಮ, ತೀವ್ರ, ಅತಿತೀವ್ರ ಎಂದು ವಿಂಗಡಿಸುತ್ತ ಬಂದಿದ್ದಾರೆ. ಬುದ್ಧಿಸೂಚ್ಯಂಕ 50ರಿಂದ 69ರವರೆಗೆ ಇದ್ದರೆ ಸೌಮ್ಯ, 35ರಿಂದ 49ರವರೆಗೆ ಮಧ್ಯಮ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ಗೆರೆ. ಹಿಂದೆ ಇದಕ್ಕೆ ಬುದ್ಧಿಮಾಂದ್ಯವೆಂಬ ಹೆಸರಿತ್ತು. ಈಗ ಬೌದ್ಧಿಕ ಅಂಗವೈಕಲ್ಯವೆನ್ನುತ್ತಾರೆ. ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಯ ಹೆಸರಿನಿಂದಲೂ ಹಳೆಯ ಪದವನ್ನು 2016ರಲ್ಲಿ ತೆಗೆದುಹಾಕಲಾಯಿತು. ಹೆಸರು ಬದಲಾದದ್ದು ಒಳ್ಳೆಯದೇ. ಆದರೆ ಶಾಲೆಯ ಅಂಗಳದಲ್ಲಿ ಹುಡುಗರು ಬೈಗುಳವನ್ನು ಸರಕಾರಿ ಸುತ್ತೋಲೆ ನೋಡಿ ಆರಿಸುವುದಿಲ್ಲ. ಇರಲಿ. ಇಂಥ ನೂರು ಮಂದಿಯಲ್ಲಿ ಸುಮಾರು 85 ಮಂದಿ ಸೌಮ್ಯ ವರ್ಗದವರೆಂದು ಗ್ರಂಥಗಳು ಹೇಳುತ್ತವೆ. ಅಂದರೆ ಬಹುಪಾಲು ಮಕ್ಕಳು ನೋಡಿದರೆ ತಿಳಿಯದವರು. ಬಾಲ್ಯದಲ್ಲಿ ತುಸು ನಿಧಾನ ಎನಿಸಿಕೊಂಡು, ಮೂರು ನಾಲ್ಕನೆಯ ತರಗತಿಯಲ್ಲಿ ದಡ್ಡ ಎನಿಸಿಕೊಂಡು, ಆಮೇಲೆ ಸೋಮಾರಿ ಎನಿಸಿಕೊಂಡು, ಒಂಬತ್ತರ ಹೊಸ್ತಿಲಲ್ಲಿ ಸದ್ದಿಲ್ಲದೆ ಶಾಲೆ ಬಿಡುವವರು ಇವರು. ಕಾಲಿಲ್ಲದವನಿಗೆ ಊರುಗೋಲು ಕೊಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಣದ ಕೊರತೆಗೆ ಸಿಕ್ಕುವುದು ಬೆತ್ತ ಮಾತ್ರ.

ಇವರನ್ನು ಗುರುತಿಸುವ ಮೊದಲ ಪ್ರಯತ್ನ ಪ್ಯಾರಿಸ್ ನಗರದಲ್ಲಿ ನಡೆಯಿತು. ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ಏನು ಮಾಡಬೇಕೆಂದು ವಿಚಾರಿಸಲು ಫ್ರಾನ್ಸಿನ ಸರಕಾರ 1904ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಅದರ ಸದಸ್ಯರಾಗಿದ್ದ ಆಲ್ಫ್ರೆಡ್ ಬಿನೆ ಎಂಬವರು ಸಹೋದ್ಯೋಗಿ ಸಿಮೋನರೊಡನೆ 1905ರಲ್ಲಿ ಮೊದಲ ಬುದ್ಧಿಪರೀಕ್ಷೆಯನ್ನು ರಚಿಸಿದರು. ಬಿನೆ ಅವರ ಉದ್ದೇಶ ಮಗುವಿಗೆ ಮುದ್ರೆಯೊತ್ತುವುದಾಗಿರಲಿಲ್ಲ. ಬುದ್ಧಿ ಕಲ್ಲಿನಂತೆ ಬದಲಾಗದ ವಸ್ತುವೆಂಬ ಅಭಿಪ್ರಾಯವನ್ನು ಅವರು 1909ರ ತಮ್ಮ ಪುಸ್ತಕದಲ್ಲಿ ಕಟುವಾಗಿಯೇ ವಿರೋಧಿಸಿದರು. ಗಮನ, ನೆನಪು, ವಿವೇಚನೆಗಳಿಗೆ ಅಂಗಸಾಧನೆ ಮಾಡಿಸಿದರೆ ಮಗು ಮೊದಲಿಗಿಂತ ಚುರುಕಾಗುತ್ತದೆಂಬುದು ಅವರ ನಂಬಿಕೆ. ಪ್ರತ್ಯೇಕ ಕೋಣೆ ಅವರ ದೃಷ್ಟಿಯಲ್ಲಿ ಒಂದು ಗರಡಿಮನೆ. ಗರಡಿಮನೆಗೆ ಹೋದವನು ಸಂಜೆ ಮನೆಗೆ ಮರಳುತ್ತಾನೆ.

ಆ ಪರೀಕ್ಷೆ ಕನ್ನಡ ನಾಡಿಗೂ ಬಂದಿತು. ಧಾರವಾಡದಲ್ಲಿದ್ದ ಡಾಕ್ಟರ್ ವಿ. ವಿ. ಕಾಮತರು 1930ರ ದಶಕದಲ್ಲಿ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. 1940ರಲ್ಲಿ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರು ಇಂದಿಗೂ ನಮ್ಮ ಆಸ್ಪತ್ರೆಗಳ ವರದಿಗಳಲ್ಲಿ ಕಾಣಸಿಗುತ್ತದೆ. ಪರದೇಶದ ಅಳತೆಗೋಲನ್ನು ಹಾಗೆಯೇ ಎತ್ತಿಕೊಳ್ಳದೆ, ಇಲ್ಲಿನ ಮಗುವಿಗೆ ಇಲ್ಲಿನ ಮಾತಿನಲ್ಲಿ ಪ್ರಶ್ನೆ ಕೇಳಬೇಕೆಂದು ಅಷ್ಟು ಹಿಂದೆಯೇ ಕಂಡುಕೊಂಡ ಕಾಮತರ ಹೆಸರನ್ನು ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳ ಹೊರತು ಬೇರೆಯವರು ಕೇಳಿರುವುದು ಅಪರೂಪ. ಇದು ನಮ್ಮ ಮರೆವಿಗೆ ಇನ್ನೊಂದು ನಿದರ್ಶನ.

ಮಾತಿನ ವಿಷಯ ಚಿಕ್ಕದಲ್ಲವೆಂಬುದನ್ನು ಅಮೆರಿಕದವರು ದುಬಾರಿ ಬೆಲೆ ತೆತ್ತು ಕಲಿತರು. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಮೆಕ್ಸಿಕೊ ಮೂಲದ ಒಂಬತ್ತು ಮಕ್ಕಳನ್ನು ಮಂದಬುದ್ಧಿಯವರ ಪ್ರತ್ಯೇಕ ತರಗತಿಗೆ ಹಾಕಿದ್ದರು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಆ ಮಕ್ಕಳನ್ನು ಪರೀಕ್ಷಿಸಿದ್ದು ಇಂಗ್ಲಿಷಿನಲ್ಲಿ. ಮತ್ತೆ ಸ್ಪ್ಯಾನಿಷಿನಲ್ಲಿ ಪರೀಕ್ಷಿಸಿದಾಗ ಅವರಲ್ಲಿ ಬಹುಮಂದಿ ಆ ತರಗತಿಯಲ್ಲಿ ಇರಬೇಕಾದವರೇ ಅಲ್ಲವೆಂದು ಗೊತ್ತಾಯಿತು. ಡಯಾನಾ ಎಂಬ ಹೆಸರಿನ ಆ ಮೊಕದ್ದಮೆ 1970ರಲ್ಲಿ ಇತ್ಯರ್ಥವಾಗಿ, ಮಗುವನ್ನು ಅದರ ಮನೆಮಾತಿನಲ್ಲಿಯೂ ಪರೀಕ್ಷಿಸತಕ್ಕದ್ದೆಂದು ಒಪ್ಪಂದವಾಯಿತು. ಅದಕ್ಕೆ ಎರಡು ವರ್ಷ ಮೊದಲು, 1968ರಲ್ಲಿ, ಲಾಯ್ಡ್ ಡನ್ ಎಂಬ ಪ್ರಾಧ್ಯಾಪಕರು ಒಂದು ಲೇಖನ ಬರೆದರು. ವಿಶೇಷ ಶಿಕ್ಷಣದ ಕ್ಷೇತ್ರದಲ್ಲಿಯೇ ದುಡಿದು ಹೆಸರು ಮಾಡಿದ ಅವರು, ಸೌಮ್ಯ ಕೊರತೆಯ ಮಕ್ಕಳಿಗಾಗಿ ತೆರೆದ ಪ್ರತ್ಯೇಕ ತರಗತಿಗಳಲ್ಲಿ ಹೆಚ್ಚಿನವು ಸಮರ್ಥನೀಯವೇ ಎಂದು ತಮ್ಮವರನ್ನೇ ಪ್ರಶ್ನಿಸಿದರು. ಅಲ್ಲಿ ಕೂತವರಲ್ಲಿ ಬಡವರ, ಅಲ್ಪಸಂಖ್ಯಾತರ ಮಕ್ಕಳೇ ಹೆಚ್ಚು. ಸಾಮಾನ್ಯ ತರಗತಿಯಲ್ಲಿ ಉಳಿದವರಿಗಿಂತ ಅವರು ಹೆಚ್ಚು ಕಲಿತದ್ದೂ ಕಾಣಲಿಲ್ಲ. ತಂದೆಯ ಭಯಕ್ಕೆ, ಅಜ್ಜಿಯ ಸಂಶಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕ್ಯಾಲಿಫೋರ್ನಿಯಾದಿಂದ ಶಂಕರಪುರಕ್ಕೆ ಹಿಂತಿರುಗಿ ಬರುವುದು ಎಣಿಸಿದಷ್ಟು ದೂರದ ಪ್ರಯಾಣವಲ್ಲ. ಕಾಪು ಸೀಮೆಯ ಮಗು ಎಷ್ಟು ಭಾಷೆಗಳ ನಡುವೆ ಬೆಳೆಯುತ್ತದೆಂಬುದನ್ನು ಎಣಿಸಿ ನೋಡಿರಿ. ನಮ್ಮ ಕಲ್ಪನೆಯ ಹುಡುಗನಿಗೆ ಮನೆಯೊಳಗೆ ಕೊಂಕಣಿ. ಬೇಲಿಯಾಚೆಗೆ, ಅಂಗಡಿಯಲ್ಲಿ, ಆಟದಲ್ಲಿ ತುಳು. ಶಾಲೆಯ ಹಲಗೆಯ ಮೇಲೆ ಕನ್ನಡ. ಆಸೆಪಟ್ಟು ಆಂಗ್ಲ ಮಾಧ್ಯಮಕ್ಕೆ ಸೇರಿಸಿದ್ದರಂತೂ ನಾಲ್ಕನೆಯದಾಗಿ ಇಂಗ್ಲಿಷು. ಚುರುಕಾದ ಮಗುವಿಗೆ ಇದು ಭಾಗ್ಯ. ನಾಲ್ಕೂ ಭಾಷೆಯಲ್ಲಿ ಜಗಳವಾಡುವಷ್ಟು ಪಾಂಡಿತ್ಯ ಅದಕ್ಕೆ ಹತ್ತು ವರ್ಷದೊಳಗೆ ಬಂದಿರುತ್ತದೆ. ನಿಧಾನವಾಗಿ ಕಲಿಯುವ ಮಗುವಿಗೆ ಅದೇ ಹೊರೆ. ಆದುದರಿಂದ ಉಡುಪಿಯಲ್ಲಿಯೋ ಮಣಿಪಾಲದಲ್ಲಿಯೋ ಪರೀಕ್ಷೆಗೆ ಕೂರಿಸಿದಾಗ, ಹುಡುಗ ಸುಮ್ಮನಿದ್ದದ್ದು ಉತ್ತರ ತಿಳಿಯದೆಯೋ ಪ್ರಶ್ನೆ ತಿಳಿಯದೆಯೋ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಅಂಕಿಯೊಂದನ್ನೇ ನಂಬುವುದೂ ಸಲ್ಲದು. ಸ್ನಾನ, ಊಟ, ಉಡುಪು, ಅಂಗಡಿಯ ವ್ಯವಹಾರ, ಸಂಗಡಿಗರೊಡನೆ ನಡವಳಿಕೆ ಇವುಗಳಲ್ಲಿ ಮಗು ಎಷ್ಟರಮಟ್ಟಿಗೆ ಸ್ವತಂತ್ರ ಎಂಬುದನ್ನು ಮನೆಯವರಿಂದ ಕೇಳಿ ತಿಳಿದ ಮೇಲೆಯೇ ನಿರ್ಣಯಕ್ಕೆ ಬರಬೇಕೆಂಬುದು ಶಾಸ್ತ್ರದ ನಿಯಮ.

ಹಾಗಾದರೆ ಪ್ರತ್ಯೇಕ ತರಗತಿ ಬೇಡವೇ ಬೇಡವೇ? ಹೀಗೆ ಹೇಳುವವರು ಈಗ ಬಹಳ ಮಂದಿ. 1994ರಲ್ಲಿ ಸ್ಪೇನಿನ ಸಲಮಾಂಕಾ ನಗರದಲ್ಲಿ ಸೇರಿದ ಸಮ್ಮೇಳನ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಲೆಂದು ಸಾರಿದ ಮೇಲೆ ಅದು ಲೋಕದ ಧೋರಣೆಯೇ ಆಗಿದೆ. ತತ್ತ್ವ ಸುಂದರವಾದದ್ದು. ಆದರೆ ಐವತ್ತು ಮಕ್ಕಳ ಕೊಠಡಿಯ ಕೊನೆಯ ಬೆಂಚಿನಲ್ಲಿ ವರ್ಷವಿಡೀ ಮೌನವಾಗಿ ಕೂತ ಹುಡುಗನೂ ಪ್ರತ್ಯೇಕ ಕೋಣೆಯಲ್ಲಿಯೇ ಇದ್ದಾನೆ; ಆ ಕೋಣೆಗೆ ಗೋಡೆ ಕಾಣುವುದಿಲ್ಲ, ಉಪಾಧ್ಯಾಯರೂ ಇಲ್ಲ, ಅಷ್ಟೇ ವ್ಯತ್ಯಾಸ.

ಒಳ್ಳೆಯ ವಿಶೇಷ ತರಗತಿಯಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿಯದೆ ಅದನ್ನು ಹೊಗಳುವುದೂ ತೆಗಳುವುದೂ ವ್ಯರ್ಥ. ಅಲ್ಲಿ ಒಬ್ಬ ಶಿಕ್ಷಕಿಯ ಮುಂದೆ ಏಳೆಂಟು ಮಕ್ಕಳು ಮಾತ್ರ. ಎಲ್ಲರಿಗೂ ಒಂದೇ ಪುಟವಿಲ್ಲ. ಪ್ರತಿಯೊಂದು ಮಗುವಿಗೂ ಅದರದೇ ಆದ ಕಲಿಕೆಯ ಯೋಜನೆ. ಮದ್ರಾಸಿನಲ್ಲಿ ರೂಪುಗೊಂಡ ಒಂದು ಪದ್ಧತಿ ದಕ್ಷಿಣ ಭಾರತದ ವಿಶೇಷ ಶಾಲೆಗಳಲ್ಲಿ ಬಹಳ ಬಳಕೆಯಲ್ಲಿದೆ. ನಡೆ, ಕೈಚಳಕ, ಊಟ, ಉಡುಪು, ಮಾತು, ಓದು, ಬರಹ, ಲೆಕ್ಕ, ಹೊತ್ತು, ಹಣ ಎಂದು ಬದುಕನ್ನು 18 ಭಾಗ ಮಾಡಿ, ಒಂದೊಂದರಲ್ಲಿ 20 ಮೆಟ್ಟಿಲುಗಳಂತೆ ಒಟ್ಟು 360 ಅಂಶಗಳನ್ನು ಅದರಲ್ಲಿ ಗೊತ್ತುಪಡಿಸಿದೆ. ಮಗು ಏನನ್ನು ಮಾಡಲಾರದು ಎಂಬುದರ ಪಟ್ಟಿಯಲ್ಲ ಅದು. ಪ್ರತಿಯೊಂದು ಅಂಶವೂ ಮಾಡಬಲ್ಲದು ಎಂಬ ಧಾಟಿಯಲ್ಲಿಯೇ ಇದೆ. ಯಾವ ಮೆಟ್ಟಿಲಿನವರೆಗೆ ಹತ್ತಿದೆಯೋ ಅದರ ಮುಂದಿನದು ಈ ತಿಂಗಳ ಪಾಠ.

ಕಲಿಸುವ ಬಗೆಯೂ ಬೇರೆ. ಅಂಗಿಯ ಗುಂಡಿ ಹಾಕುವುದನ್ನು ನಾವೆಲ್ಲ ಒಂದೇ ಕೆಲಸವೆಂದು ತಿಳಿದಿದ್ದೇವೆ. ವಿಶೇಷ ಶಿಕ್ಷಕಿಗೆ ಅದು ಐದಾರು ಕೆಲಸ: ಗುಂಡಿಯನ್ನು ಹಿಡಿಯುವುದು, ಕಾಜವನ್ನು ಹುಡುಕುವುದು, ಅಂಚನ್ನು ಓರೆಮಾಡುವುದು, ತೂರಿಸುವುದು, ಇತ್ತ ಕಡೆಯಿಂದ ಎಳೆಯುವುದು. ಮೊದಲನೆಯದರಿಂದ ಆರಂಭಿಸದೆ ಕಡೆಯದರಿಂದ ಆರಂಭಿಸುವುದು ಒಂದು ಜಾಣತನದ ಕ್ರಮ. ಉಳಿದುದನ್ನೆಲ್ಲ ಶಿಕ್ಷಕಿ ಮಾಡಿಟ್ಟು, ಕೊನೆಯ ಎಳೆತವನ್ನು ಮಾತ್ರ ಮಗುವಿಗೆ ಬಿಡುತ್ತಾಳೆ. ಎಳೆದೊಡನೆ ಗುಂಡಿ ಬಿದ್ದಿತು, ಹಾಕಿದವನು ತಾನೇ! ಮರುವಾರ ಕೊನೆಯ ಎರಡು ಹಂತ, ಅದರ ಮರುವಾರ ಮೂರು. ಹೀಗೆ ಮಗು ಪ್ರತಿದಿನವೂ ಕೆಲಸ ಮುಗಿಸಿದವನಾಗಿಯೇ ಏಳುತ್ತದೆ, ಸೋತವನಾಗಿ ಏಳುವುದಿಲ್ಲ. ಸಾಮಾನ್ಯ ತರಗತಿಯಲ್ಲಿ ಐದು ವರ್ಷ ಕೂತು ಒಂದು ದಿನವೂ ‘ಮುಗಿಯಿತು’ ಎನ್ನಲು ಅವಕಾಶ ಸಿಗದ ಹುಡುಗನಿಗೆ ಇದು ಯಾವ ಮದ್ದಿಗೂ ಕಡಿಮೆಯಲ್ಲ. ಲೆಕ್ಕವೂ ಹಾಗೆಯೇ. ನಾಲ್ಕು ಎಂಬ ಅಂಕಿ ಹಲಗೆಯ ಮೇಲೆ ಇವನ ಪಾಲಿಗೆ ಬರಿಯ ಗೆರೆ. ನಾಲ್ಕು ಚೆಂಡು ಅಟ್ಟೆಯಾಗುವಾಗ ಅದು ವಸ್ತು, ಹಣ, ಮನೆಯ ಅಕ್ಕಿ. ಶಂಕರಪುರದ ಜಗಲಿಯಲ್ಲಿಯೇ ಇರುವ ಈ ಪಾಠೋಪಕರಣಕ್ಕೆ ಯಾವ ಇಲಾಖೆಯ ಅನುದಾನವೂ ಬೇಡ.

ಕರಾವಳಿಯಲ್ಲಿ ಇಂಥ ಶಾಲೆಗಳಿಗೆ ಕೊರತೆಯಿಲ್ಲವೆನ್ನಬೇಕು. ಶಂಕರಪುರಕ್ಕೆ ದೂರವಲ್ಲದ ಪಾಂಬೂರಿನಲ್ಲಿ ಕಥೊಲಿಕ್ ಸಭೆಯವರ ಮಾನಸ ಕೇಂದ್ರವಿದೆ. ಉಡುಪಿಯಲ್ಲಿ ಆಶಾನಿಲಯ, ಮಣಿಪಾಲದಲ್ಲಿ ಅರ್ಚನ, ಉಪ್ಪೂರಿನಲ್ಲಿ ಸ್ಪಂದನ, ಕಾರ್ಕಳದ ಅಯ್ಯಪ್ಪನಗರದಲ್ಲಿ ವಿಜೇತ. ಸರಕಾರ ಕಟ್ಟಬೇಕಾಗಿದ್ದುದನ್ನು ಇಲ್ಲಿ ಬಹುಮಟ್ಟಿಗೆ ಸಂಘಸಂಸ್ಥೆಗಳು ಕಟ್ಟಿವೆ, ದಾನಿಗಳು ನಡೆಸಿದ್ದಾರೆ. ಆದರೂ ಒಂದು ಮಾತು ಉಳಿಯುತ್ತದೆ. ವಿಶೇಷ ಶಾಲೆಗೆ ಹೋಗುವ ದಾರಿ ಇರುವಷ್ಟು ಸಲೀಸಾಗಿ ಅಲ್ಲಿಂದ ಊರ ಶಾಲೆಗೆ ಮರಳುವ ದಾರಿ ಇಲ್ಲ. ಸೌಮ್ಯ ಕೊರತೆಯ ಮಗು ಎರಡು ಮೂರು ವರ್ಷ ಅಲ್ಲಿ ಗಟ್ಟಿಯಾಗಿ ಕಲಿತು, ಸಂಗೀತಕ್ಕೋ ಆಟಕ್ಕೋ ಊಟಕ್ಕೋ ಮೊದಲು ಕೆಲವು ಗಂಟೆ, ಆಮೇಲೆ ಪೂರ್ತಿಯಾಗಿ ನೆರೆಯ ಮಕ್ಕಳ ನಡುವೆ ಬಂದು ಕೂರುವಂತಾಗಬೇಕು. ಮಧ್ಯಮ ಕೊರತೆಯ ಮಗುವಿಗೆ ಕಾಲ ಹೆಚ್ಚು ಬೇಕು. ಕೆಲವರಿಗೆ ವಿಶೇಷ ಶಾಲೆಯೇ ಕಡೆಯವರೆಗೂ ಸರಿಯಾದ ಸ್ಥಳ. ಆದರೆ ಯಾರಿಗೆ ಯಾವುದೆಂಬುದನ್ನು ಬಾಗಿಲಿನ ಬೀಗ ನಿರ್ಧರಿಸಬಾರದು. ಶಾಲೆ ನೋಡಲು ಹೋದ ತಾಯ್ತಂದೆಗಳು ಕಟ್ಟಡವನ್ನೂ ಉಯ್ಯಾಲೆಯನ್ನೂ ನೋಡಿ ತಲೆದೂಗುವ ಬದಲು, ಮಗುವಿನ ಯೋಜನೆಯನ್ನು ಎಷ್ಟು ತಿಂಗಳಿಗೊಮ್ಮೆ ತಿರುವಿ ನೋಡುತ್ತೀರಿ, ಇಲ್ಲಿಂದ ಊರ ಶಾಲೆಗೆ ಮರಳಿದವರು ಯಾರಾದರೂ ಇದ್ದಾರೆಯೇ ಎಂದು ಕೇಳುವುದು ಮೇಲು. ಎರಡನೆಯ ಪ್ರಶ್ನೆಗೆ ಮುಖ್ಯೋಪಾಧ್ಯಾಯರು ಸಂತೋಷದಿಂದ ಉತ್ತರ ಕೊಟ್ಟರೆ ಅಲ್ಲಿ ಮಗುವನ್ನು ಬಿಡಬಹುದು.

ಮರಳುವ ದಾರಿ ಕಿರಿದಾಗಿರುವುದಕ್ಕೆ ವಿಶೇಷ ಶಾಲೆಯವರೊಬ್ಬರೇ ಹೊಣೆಯಲ್ಲ. ಉಡುಪಿಗೂ ದಕ್ಷಿಣ ಕನ್ನಡಕ್ಕೂ ಹತ್ತನೆಯ ತರಗತಿಯ ಫಲಿತಾಂಶವೆಂದರೆ ಜಾತ್ರೆಯ ತೇರು. 2024ರಲ್ಲಿ ಶೇಕಡ 94ರೊಂದಿಗೆ ಉಡುಪಿ ರಾಜ್ಯಕ್ಕೆ ಮೊದಲು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಹೆಮ್ಮೆ ಪಡತಕ್ಕ ವಿಷಯವೇ. ಆದರೆ ನೂರಕ್ಕೆ ನೂರು ಎಂದು ಬಟ್ಟೆಯ ಮೇಲೆ ಬರೆಸಿ ಗೇಟಿಗೆ ಕಟ್ಟುವ ಆಸೆ ಹೊತ್ತ ಶಾಲೆಗೆ, ತೊಂಬತ್ತೊಂಬತ್ತಕ್ಕೆ ಇಳಿಸಬಹುದಾದ ಒಬ್ಬ ಹುಡುಗ ಕಣ್ಣಿನ ಕಸವಾಗಿ ಕಾಣುವುದು ಅಸಂಭವವಲ್ಲ. ‘ಇವನಿಗೆ ಇಲ್ಲಿ ಕಷ್ಟವಾಗುತ್ತದೆ’ ಎಂಬ ಮಾತಿನಲ್ಲಿ ಎಷ್ಟು ಪಾಲು ಮಗುವಿನ ಕಷ್ಟ, ಎಷ್ಟು ಪಾಲು ಶಾಲೆಯ ಕಷ್ಟ ಎಂಬುದನ್ನು ತೂಗಿ ನೋಡಬೇಕು. ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಭಾಷೆಯ ಹೊರೆಯಲ್ಲಿ ವಿನಾಯಿತಿ, ಕೆಲವು ವಿಷಯಗಳಿಗೆ ಬದಲಿ ವಿಷಯ ಇವೆಲ್ಲ ಉಂಟೆಂಬುದನ್ನು ಒಂಬತ್ತನೆಯ ತರಗತಿಯ ಕಡೆಯಲ್ಲಿ ಅಲ್ಲ, ಬಹಳ ಮೊದಲೇ ಮನೆಯವರಿಗೆ ಹೇಳಬೇಕಾದದ್ದು ಶಾಲೆಯ ಧರ್ಮ.

ಕಾನೂನು ಈಗ ಮಗುವಿನ ಪಕ್ಷದಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ಪ್ರಕಾರ, ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ 6ರಿಂದ 18 ವಯಸ್ಸಿನ ಮಗು ನೆರೆಯ ಶಾಲೆಯಲ್ಲಿಯಾಗಲಿ ತಾನು ಬಯಸಿದ ವಿಶೇಷ ಶಾಲೆಯಲ್ಲಿಯಾಗಲಿ ಉಚಿತವಾಗಿ ಕಲಿಯಬಹುದು. ಸೌಮ್ಯ ಬೌದ್ಧಿಕ ಕೊರತೆಯನ್ನು ಪ್ರಮಾಣಪತ್ರದಲ್ಲಿ ಶೇಕಡ 50 ಎಂದು ಗಣಿಸುವುದರಿಂದ ನಮ್ಮ ಹುಡುಗನಂಥವರಿಗೂ ಅದು ಅನ್ವಯಿಸುತ್ತದೆ. ಆಯ್ಕೆ ಇಲಾಖೆಯದಲ್ಲ, ಮನೆಯವರದು ಎಂಬುದನ್ನು ಗಮನಿಸಬೇಕು. ಊರ ಶಾಲೆಯಲ್ಲಿಯೇ ಉಳಿದ ಮಕ್ಕಳಿಗಾಗಿ ತಾಲೂಕು ಮಟ್ಟದಲ್ಲಿ ಸಂಪನ್ಮೂಲ ಕೊಠಡಿಯುಂಟು, ಸಂಚಾರಿ ಸಂಪನ್ಮೂಲ ಶಿಕ್ಷಕರುಂಟು. ಆದರೆ ಒಬ್ಬರ ಪಾಲಿಗೆ ಬರುವ ಶಾಲೆಗಳು ಹಲವು, ವಾರದ ದಿನಗಳು ಆರೇ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಕುರಿತು ಆದೇಶ ನೀಡಿದ ಬಳಿಕ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲೆ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರತಕ್ಕದ್ದೆಂದು 2022ರಲ್ಲಿ ಕೇಂದ್ರ ಸರಕಾರ ಗೊತ್ತುಪಡಿಸಿತು. ಹುದ್ದೆಗಳನ್ನು ಸೃಷ್ಟಿಸಿರೆಂದು 2025ರಲ್ಲಿ ನ್ಯಾಯಾಲಯ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತೆಂದರೆ ನಡುವಣ ವರ್ಷಗಳಲ್ಲಿ ಕಡತ ಎಷ್ಟು ವೇಗವಾಗಿ ನಡೆದಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಮಲ್ಲಿಗೆಯ ಮನೆಗೆ ಇನ್ನೊಂದು ಆಕರ್ಷಣೆಯೂ ಇದೆ. ಹೇಗೂ ಹೂ ಬಿಡಿಸುತ್ತಾನೆ, ನಾಳೆ ಕಟ್ಟುವುದನ್ನೂ ಕಲಿಯುತ್ತಾನೆ, ಶಾಲೆಯ ಗೊಡವೆಯೇ ಬೇಡ ಎಂಬುದು. ಮೇಲ್ನೋಟಕ್ಕೆ ಇದು ಪ್ರೀತಿ. ಆದರೆ ಹನ್ನೊಂದರಲ್ಲಿ ಜಗಲಿಗೆ ಕೂತವನು ಮೂವತ್ತರಲ್ಲಿಯೂ ಅದೇ ಜಗಲಿಯಲ್ಲಿ, ತನ್ನ ಕೈಯ ಹೂವಿಗೆ ಬಂದ ಹಣ ಎಷ್ಟೆಂದು ಇನ್ನೊಬ್ಬರನ್ನು ಕೇಳುತ್ತ ಕೂತಿರುತ್ತಾನೆ. ಕಟ್ಟುವುದನ್ನು ಮನೆ ಕಲಿಸಬಲ್ಲದು. ಎಣಿಸುವುದನ್ನು, ನೋಟು ಗುರುತಿಸುವುದನ್ನು, ಒಬ್ಬನೇ ಬಸ್ಸು ಹತ್ತಿ ಕಟಪಾಡಿಯಲ್ಲಿ ಇಳಿಯುವುದನ್ನು, ಮೋಸ ಮಾಡುವವನಿಗೆ ಬೇಡವೆನ್ನುವುದನ್ನು ಯಾರಾದರೂ ಕಲಿಸಲೇಬೇಕು. ಹದಿನೆಂಟು ತುಂಬಿದ ದಿನ ಉಚಿತ ಶಿಕ್ಷಣದ ಹಕ್ಕು ಮುಗಿಯುತ್ತದೆ. ಅಲ್ಲಿಗೆ ಉಳಿದಿರುವುದು ಏಳು ವರ್ಷ. ತಾನು ಇಲ್ಲವಾದ ಮೇಲೆ ಇವನ ಗತಿಯೇನೆಂಬ ಪ್ರಶ್ನೆಯನ್ನು ತಾಯಿ ರಾತ್ರಿ ತನ್ನೊಳಗೇ ಕೇಳಿಕೊಳ್ಳುವಾಗ ಆಕೆ ಎಣಿಸುವುದೂ ಈ ವರ್ಷಗಳನ್ನೇ.

ಆ ಮನೆಯಲ್ಲಿ ವಾದ ಒಂದು ಭಾನುವಾರ ಮುಗಿಯಿತೆನ್ನೋಣ. ಅಜ್ಜಿ ಒಪ್ಪಿದಳೆಂದಲ್ಲ, ಮೊದಲು ತಪಾಸಣೆಯಾದರೂ ಆಗಲಿ ಎಂದಳು. ತಂದೆ ಊರವರ ಮಾತನ್ನು ಮತ್ತೊಮ್ಮೆ ಎತ್ತಿ, ತಾನೇ ಸುಮ್ಮನಾದನು. ಸೋಮವಾರ ಹೂ ಒಪ್ಪಿಸಿದ ಮೇಲೆ ಮೂವರೂ ಉಡುಪಿಗೆ ಹೊರಟರು. ಆಸ್ಪತ್ರೆಯಲ್ಲಿ ಒಂದು ಕಾಗದ ಕೊಟ್ಟರು: ಹೆಸರು, ಹುಟ್ಟಿದ ದಿನ, ತರಗತಿ, ಮನೆಮಾತು. ತಂದೆ ಬರೆಯುತ್ತ ಹೋಗಿ ಮನೆಮಾತಿನ ಮುಂದೆ ‘ಕನ್ನಡ’ ಎಂದು ಬರೆದನು. ಸರಕಾರಿ ಕಾಗದಕ್ಕೆ ಅದೇ ಮರ್ಯಾದೆ ಎಂದು ಅವನ ಭಾವನೆ. ಅದುವರೆಗೆ ಮಾತಾಡದಿದ್ದ ತಾಯಿ ಪೆನ್ನನ್ನು ತೆಗೆದುಕೊಂಡು ಆ ಪದವನ್ನು ಹೊಡೆದುಹಾಕಿ, ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಕೊಂಕಣಿ’ ಎಂದು ಬರೆದಳು.